ಮಗುವಿನ ಪುಸ್ತಕದ ಕಪಾಟು ಮತ್ತು ಸತ್ಯಶುದ್ಧ ಕಾಯಕ

ಕೂಲಿಗೆ ಮಾಡಿದ ಕೆಲಸ ಪೂಜೆಯಾಗಬಲ್ಲುದೆ, ಆಗುವುದಾದರೆ ಯಾವ ಷರತ್ತಿನ ಮೇಲೆ ಎಂಬುದು ಹನ್ನೆರಡನೆಯ ಶತಮಾನದ ಶರಣರು ಎತ್ತಿದ ಪ್ರಶ್ನೆ. ಅವರ ಉತ್ತರದಲ್ಲಿ ಎರಡು ಷರತ್ತುಗಳಿವೆ: ಕೆಲಸ, ಅಂದರೆ ಅವರ ಮಾತಿನ ಕಾಯಕ, ಸತ್ಯಶುದ್ಧವಾಗಿರಬೇಕು, ಅದರ ಫಲ ದಾಸೋಹಕ್ಕೆ, ಅಂದರೆ ಹಂಚಿ ಉಣಿಸುವುದಕ್ಕೆ, ಸಲ್ಲಬೇಕು. ಕೇಳಲು ಸರಳವಾದ ಈ ಮಾತು ಬಡಿಗನ ಕೆಲಸದ ಕಟ್ಟೆಯ ಮೇಲೆ ಏನನ್ನು ಬೇಡುತ್ತದೆ ಎಂದು ನೋಡುವುದಕ್ಕೆ ಜಾತ್ರೆಯ ತೇರಿಗಿಂತ ಮಗುವಿನ ಕೋಣೆಗೆ ಮಾಡುವ ಪುಸ್ತಕದ ಕಪಾಟು ಒಳ್ಳೆಯ ಉದಾಹರಣೆ. ತೇರನ್ನು ಊರೆಲ್ಲ ನೋಡುತ್ತದೆ, ತಪ್ಪಿದ್ದರೆ ಹೇಳುವವರು ನೂರು ಜನ. ಕಪಾಟನ್ನು ಬಳಸುವ ಮಗುವಿಗೆ ಕಟ್ಟಿಗೆಯ ಗುಣ ಗೊತ್ತಿಲ್ಲ. ದುಡ್ಡು ಕೊಡುವವರು ಬೇರೆ. ಹಲಗೆ ಬಾಗಿದರೂ ಬಣ್ಣ ನಾಲಗೆಗೆ ಹತ್ತಿದರೂ ಅದು ದೂರು ಕೊಡುವುದಿಲ್ಲ. ಕೆಲಸದ ಒಳ್ಳೆಯತನವನ್ನು ಪರೀಕ್ಷಿಸಲಾರದವರಿಗೆ ಕೆಲಸ ಮಾಡುವಾಗಲೇ ಸತ್ಯಶುದ್ಧತೆಯ ಅರ್ಥ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಈ ಪ್ರಶ್ನೆಗೆ ಕಲಬುರಗಿ ಹೊರಗಿನ ಊರಲ್ಲ. ಕಲಬುರಗಿಯಿಂದ ಹೊರಟ ಹುಮನಾಬಾದ್ ರಸ್ತೆ ಕಮಲಾಪುರವನ್ನು ಹಾದು, ಮುಂದೆ ಬಸವಕಲ್ಯಾಣದ ದಾರಿ ಹಿಡಿಸುತ್ತದೆ. ಹೊರಗಿನವರು ಕೆಂಪು ಬಾಳೆಹಣ್ಣಿನ ಹೆಸರಿನಿಂದ ಗುರುತಿಸುವ ಕಮಲಾಪುರ ಶರಣರ ಕಲ್ಯಾಣಕ್ಕೆ ಹೋಗುವ ಹಾದಿಯಲ್ಲಿದೆ. ಕಲಬುರಗಿ ನಗರದ ನಡುವೆ ಶರಣಬಸವೇಶ್ವರರ (1746–1822) ಗುಡಿ ಇದೆ. ಅರಳಗುಂಡಗಿಯ ಆ ಒಕ್ಕಲಿಗ ಶರಣ ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟು, ಅವು ಕುಡಿಯಲು ನೀರಿಟ್ಟ ಎಂದು ಜನ ಇಂದಿಗೂ ಹೇಳುತ್ತಾರೆ. ದುಡಿದದ್ದು ದುಡಿದವನೊಬ್ಬನದೇ ಅಲ್ಲ ಎಂಬ ತಿಳಿವಳಿಕೆ ಈ ಊರಿಗೆ ಪುಸ್ತಕದಿಂದ ಬಂದದ್ದಲ್ಲ.

ಶರಣರ ನಡುವೆ ಬಡಿಗನೂ ಇದ್ದ. ಬಾಚಿಕಾಯಕದ ಬಸವಯ್ಯ ಮರ ಕೆತ್ತಿ ಬದುಕಿದವನು. ತನ್ನ ಕಸುಬಿನ ಮಾತುಗಳಲ್ಲೇ ವಚನ ರಚಿಸಿದವನು. ಅವನ ಅಂಕಿತದಲ್ಲಿ ವಿಶ್ವಕರ್ಮ, ಕಾಳಿಕೆ ಎಂಬ ಕುಶಲಕರ್ಮಿಗಳ ಕುಲದೈವಗಳ ಹೆಸರು ಬಸವಣ್ಣನ ಹೆಸರಿನೊಂದಿಗೆ ಸೇರಿಕೊಂಡಿದೆ. ಕಸುಬಿನ ಹಳೆಯ ದೇವರನ್ನು ಬಿಡದೆ, ಕಸುಬಿಗೆ ಹೊಸ ಅರ್ಥ ಹಚ್ಚಿದ ಮನುಷ್ಯನ ಗುರುತು ಅದು. ವಿಶ್ವಕರ್ಮ ಪರಂಪರೆಯಲ್ಲಿ ಐದು ಕಸುಬುಗಳಿಗೆ ಐದು ಮೂಲಪುರುಷರು. ಮರಗೆಲಸ ಮಯನ ಪಾಲಿನದು. ಅಮಾವಾಸ್ಯೆಗೆ ಬಾಚಿ, ಉಳಿ, ಗರಗಸಗಳನ್ನು ಮುಟ್ಟದೆ ಬಿಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಸೆಪ್ಟೆಂಬರ್ 17ರ ವಿಶ್ವಕರ್ಮ ಜಯಂತಿಯಂದು ಹತಾರಗಳಿಗೆ ಪೂಜೆ. ಈ ಭಾಗದಲ್ಲಿ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವವೂ ಇರುವುದರಿಂದ ಒಂದು ಕಡೆ ಧ್ವಜ, ಇನ್ನೊಂದು ಕಡೆ ಕುಂಕುಮ ಹಚ್ಚಿಕೊಂಡ ರಂದಾ.

ಹತಾರವನ್ನು ಪೂಜಿಸುವುದಕ್ಕೂ ಹತಾರ ಆಡಿಸುವುದನ್ನೇ ಪೂಜೆ ಎನ್ನುವುದಕ್ಕೂ ಅಂತರವಿದೆ, ಮತ್ತು ಶರಣರು ಆ ಅಂತರವನ್ನು ಬಿಗಿಯಾಗಿಯೇ ಹಿಡಿದರು. ನುಲಿಯ ಚಂದಯ್ಯನ ಕಥೆಯಲ್ಲಿ ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬೀಳುತ್ತದೆ. ಅವನು ಬಗ್ಗಿ ಎತ್ತಿಕೊಳ್ಳುವುದಿಲ್ಲ, ಹುಲ್ಲು ಹೊತ್ತು ಹೊರಡುತ್ತಾನೆ. ಹಗ್ಗ ಮಾರಿದ ದುಡ್ಡಿನಿಂದ ಜಂಗಮರಿಗೆ ಉಣ್ಣಿಸುವುದು ತಡವಾದೀತು ಎಂಬುದು ಅವನ ಚಿಂತೆ. ಪೂಜೆಯ ವಸ್ತುವಿಗಿಂತ ಕೆಲಸ ಮೇಲೆ ಎನ್ನುವುದಷ್ಟೇ ಈ ಕಥೆಯ ತಾತ್ಪರ್ಯವೆಂದು ಹಲವರು ಓದುತ್ತಾರೆ. ಅದು ಅರ್ಧ ಮಾತು. ಕೆಲಸ ಮೇಲಾದದ್ದು ಅದರ ತುದಿಯಲ್ಲಿ ಹಸಿದವರಿದ್ದ ಕಾರಣಕ್ಕೆ. ಭಗವದ್ಗೀತೆಯ ನಿಷ್ಕಾಮ ಕರ್ಮದಿಂದ ಕಾಯಕ ಬೇರೆಯಾಗುವುದೂ ಇಲ್ಲಿಯೇ. ಗೀತೆ ಫಲದ ಮೇಲಿನ ಆಸೆಯನ್ನು ಬಿಡಲು ಹೇಳುತ್ತದೆ, ಸ್ವಧರ್ಮವನ್ನು ವರ್ಣದೊಂದಿಗೆ ಕಟ್ಟುತ್ತದೆ. ಶರಣರಿಗೆ ಫಲ ಬೇಕು. ಯಾರ ತಟ್ಟೆಗೆ ಬಿತ್ತು ಎಂಬ ಲೆಕ್ಕವೂ ಬೇಕು. ಕಸುಬುಗಳಲ್ಲಿ ಮೇಲು ಕೀಳು ಮಾತ್ರ ಬೇಡ. ಇತರ ಧರ್ಮಗಳಲ್ಲೂ ಮರಗೆಲಸಕ್ಕೆ ಗೌರವ ಕಡಿಮೆಯಿಲ್ಲ: ಹದೀಸಿನಲ್ಲಿ ಪ್ರವಾದಿ ಜಕರಿಯಾ ಬಡಿಗ, ಮಾರ್ಕನ ಸುವಾರ್ತೆಯಲ್ಲಿ ಯೇಸುವನ್ನು ಊರವರು ಗುರುತಿಸುವುದೂ ಬಡಿಗನೆಂದೇ.

ಕಪಾಟಿನ ಕೆಲಸ ಕಟ್ಟಿಗೆಯ ಆಯ್ಕೆಯಿಂದ ಶುರುವಾಗುತ್ತದೆ, ಮೋಸಕ್ಕೆ ಮೊದಲ ಅವಕಾಶವೂ ಅಲ್ಲೇ. ಸಾಗವಾನಿಯ ಕೆಚ್ಚು ಗೆದ್ದಲನ್ನು ತಡೆಯುತ್ತದೆ, ದಶಕಗಟ್ಟಲೆ ಆಕಾರ ಕೆಡದೆ ಉಳಿಯುತ್ತದೆ. ಅದೇ ದಿಮ್ಮಿಯ ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ಬಿಳಿ ಭಾಗಕ್ಕೆ ಕಂದು ಬಣ್ಣ ಹಚ್ಚಿ ಕೆಚ್ಚಿನೊಳಗೆ ಸೇರಿಸಿದರೆ ಪಾಲಿಶ್ ಒಣಗಿದ ಮೇಲೆ ಕಸುಬುದಾರರೂ ಗುರುತಿಸುವುದು ಕಷ್ಟ. ಬಯಲುಸೀಮೆಯಲ್ಲಿ ಕೈಗೆ ಸಿಗುವ ಬೇವು ಕಡಿಮೆ ಖರ್ಚಿನದು, ಹುಳುವಿಗೆ ಒಗ್ಗದು. ಆದರೆ ಸರಿಯಾಗಿ ಒಣಗಿಸದಿದ್ದರೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಬಡವರ ಮನೆಯ ಕಪಾಟು ಬೇವಿನದಾದರೆ ಅದರಲ್ಲಿ ಕೊರತೆಯೇನೂ ಇಲ್ಲ. ತಪ್ಪಿರುವುದು ಬೇವನ್ನು ಸಾಗವಾನಿಯ ಬೆಲೆಗೆ ಮಾರುವುದರಲ್ಲಿ. ಪ್ಲೈವುಡ್ ಹಾಕಿದರೂ ಇದೇ ಮಾತು. ಭಾರತೀಯ ಮಾನಕದಲ್ಲಿ ಸಾಧಾರಣ ದರ್ಜೆಯ ಹಲಗೆಗೆ ಐಎಸ್ 303, ನೀರು ತಡೆಯುವ ದರ್ಜೆಗೆ ಐಎಸ್ 710 ಎಂಬ ಗುರುತುಗಳಿವೆ. ಅಂಚಿಗೆ ಪಟ್ಟಿ ಹೊಡೆದ ಮೇಲೆ ಒಳಗಿರುವುದು ಯಾವುದೆಂದು ತಿಳಿದಿರುವವನು ಬಡಿಗನೊಬ್ಬನೇ.

ಕಲಬುರಗಿಯ ಹವೆಯೂ ಈ ಪರೀಕ್ಷೆಯಲ್ಲಿ ಪಾಲುದಾರ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿ ಕಟ್ಟಿಗೆಯ ಪಸೆಯನ್ನು ಹೀರುತ್ತದೆ. ಮುಂಗಾರು ಬಂದೊಡನೆ ಅದೇ ಕಟ್ಟಿಗೆ ಪಸೆ ಕುಡಿದು ಉಬ್ಬುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಅದೂ ವರ್ಷದುಂಗುರದ ಸುತ್ತಿನ ದಿಕ್ಕಿನಲ್ಲಿ, ಕೇಂದ್ರದಿಂದ ಹೊರಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಈ ಚಲನೆಗೆ ಜಾಗ ಬಿಡದೆ ಅಗಲದ ಹಲಗೆಯನ್ನು ಅಡ್ಡಪಟ್ಟಿಗೆ ಅಂಟು ಹಾಕಿ ಬಿಗಿದರೆ ಒಂದು ಬೇಸಿಗೆ ಕಳೆಯುವುದರೊಳಗೆ ಸೀಳು ಬೀಳುತ್ತದೆ. ತಿಳಿದವರು ಸ್ಕ್ರೂವಿನ ತೂತನ್ನು ತುಸು ಉದ್ದನೆಯದಾಗಿ ಕೊರೆಯುತ್ತಾರೆ, ಹಲಗೆ ಅದರೊಳಗೆ ಸರಿದಾಡಲಿ ಎಂದು. ಹಸಿ ಕಟ್ಟಿಗೆಯಲ್ಲಿ ಮಾಡಿದ ಕಪಾಟು ಒಪ್ಪಿಸುವ ದಿನ ಚೆನ್ನಾಗಿಯೇ ಕಾಣುತ್ತದೆ. ಅದರ ಸುಳ್ಳು ಹೊರಬೀಳಲು ಕೂಲಿ ಕೈಸೇರಿ ಆರು ತಿಂಗಳಾಗಬೇಕು. ಸತ್ಯಶುದ್ಧತೆಯನ್ನು ಮನಸ್ಸಿನ ಗುಣವೆಂದು ಮಾತ್ರ ತಿಳಿದವರು ಈ ಆರು ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನಸ್ಸು ಶುದ್ಧವಿದ್ದು ಕಟ್ಟಿಗೆ ಹಸಿಯಿದ್ದರೆ ಕೆಲಸ ಶುದ್ಧವಾಗದು. ಕಾಯಕದಲ್ಲಿ ಅರಿವಿಗೆ ಅಷ್ಟು ತೂಕ ಇರುವುದು ಇದಕ್ಕೇ: ಕಸುಬು ಕಲಿಯದೆ ಭಕ್ತಿ ಮಾತ್ರ ತಂದವನ ಕೆಲಸ ಇನ್ನೊಬ್ಬರ ಮೇಲೆ ಹೊರಿಸಿದ ಅಪಾಯ.

ಮುಂದಿನದು ಎತ್ತರ. ಇದು ಅಳತೆಪಟ್ಟಿಯ ವಿಷಯದಂತೆ ಕಂಡರೂ ಧರ್ಮದ ವಿಷಯ ಇದರಲ್ಲಿಯೇ ಹೆಚ್ಚಾಗಿದೆ. ಕನ್ನಡದ ಮನೆಗಳಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಪುಸ್ತಕದ ಜಾಗ ಮೇಲೆ, ದೇವರ ಜಗಲಿಯ ಮಗ್ಗುಲಲ್ಲಿ, ಅಥವಾ ದಪ್ಪ ಗೋಡೆಯ ಮಾಡದಲ್ಲಿ. ಭಕ್ತಿ ಪುಸ್ತಕವನ್ನು ಮೇಲಕ್ಕೆ ಕಳಿಸುತ್ತದೆ. ಐದು ವರ್ಷದ ಮಗು ಮೂರೂವರೆ ಅಡಿ ಎತ್ತರ. ಮೇಲಿಟ್ಟಷ್ಟೂ ಮರ್ಯಾದೆ ಹೆಚ್ಚು, ಓದು ಕಡಿಮೆ.

ಹೀಗೆ ಮರ್ಯಾದೆಯಿಂದ ಓದೇ ನಿಂತುಹೋದ ದೊಡ್ಡ ಉದಾಹರಣೆ ಶರಣರ ವಚನಗಳದ್ದೇ. ತಾಳೆಗರಿಯ ವಚನದ ಕಟ್ಟುಗಳು ಬಟ್ಟೆ ಸುತ್ತಿಕೊಂಡು ಮನೆ ಮಠಗಳ ಜಗಲಿಯ ಮೇಲೆ ಕುಂಕುಮ ಭಸ್ಮ ಧರಿಸಿ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿ (1880–1964) ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆ ಅವು ಸಾಮಾನ್ಯ ಓದುಗರ ಕೈಗೆ ಬಂದವು. ಸ್ಥಾವರದ ಪೂಜೆಯನ್ನು ಬಿಡಿರೆಂದು ಹೇಳಿದ ಮಾತುಗಳೇ ಜಗಲಿಯ ಮೇಲೆ ಸ್ಥಾವರವಾಗಿ ಕುಳಿತಿದ್ದವು ಎಂಬುದನ್ನು ಇತಿಹಾಸದ ಅಣಕ ಎನ್ನಬಹುದು. ಆದರೆ ಪೂಜೆಯ ಕಾರಣದಿಂದಲೇ ಅವು ಒಲೆಗೂ ಗೆದ್ದಲಿಗೂ ಸಿಗದೆ ಉಳಿದವು ಎಂಬುದನ್ನೂ ಹೇಳಬೇಕು. ಭಕ್ತಿಯನ್ನು ಪೂರಾ ತೆಗೆದುಹಾಕಿದರೆ ಪುಸ್ತಕ ಬಾಳುವುದಿಲ್ಲ.

ಭಕ್ತಿ, ಓದು ಎರಡನ್ನೂ ಉಳಿಸಿಕೊಳ್ಳುವ ದಾರಿ ಮರಗೆಲಸದವರಿಗೆ ಬಹಳ ಹಿಂದೆಯೇ ಸಿಕ್ಕಿದೆ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರು ಬಹಳ ಗ್ರಂಥಗಳನ್ನು ಬರೆದವರು. ಅವರ ದರ್ಗಾ ಇರುವ ಈ ಊರಿನ ಮದರಸಾಗಳಲ್ಲಿ ಕುರಾನ್ ಇಟ್ಟು ಓದುವ ರಿಹಾಲ್ ಸಾಮಾನ್ಯ ನೋಟ. ಒಂದೇ ಹಲಗೆಯನ್ನು ಮೊಳೆ, ಅಂಟು ಯಾವುದೂ ಇಲ್ಲದೆ ಒಂದರೊಳಗೊಂದು ಹಾಯುವಂತೆ ಸೀಳಿ ಬಿಡಿಸಿದರೆ ರಿಹಾಲ್ ಆಗುತ್ತದೆ. ಹಿಂದೂ ಮನೆಗಳ ವ್ಯಾಸಪೀಠವೂ ಅದೇ ಜಾತಿಯದು. ಗ್ರಂಥ ನೆಲಕ್ಕೆ ತಾಗದು, ನೆಲದ ಮೇಲೆ ಕುಳಿತ ಓದುಗನಿಗೆ ದೂರವೂ ಆಗದು. ಪಾವಿತ್ರ್ಯಕ್ಕೆ ನೆಲದಿಂದ ತುಸು ಎತ್ತರ ಸಾಕು ಎಂಬ ಈ ತೀರ್ಮಾನವನ್ನು ಮಗುವಿನ ಕಪಾಟಿಗೂ ಹಾಕಬಹುದು. ತಳದ ಹಲಗೆಯನ್ನು ನಾಲ್ಕೈದು ಇಂಚು ಎತ್ತರದ ಪೀಠದ ಮೇಲೆ ಕೂರಿಸಿ, ಮೇಲಿನ ಹಲಗೆಯನ್ನು ಮೂರು ಅಡಿಯ ಆಸುಪಾಸಿಗೆ ನಿಲ್ಲಿಸಿದರೆ ಎಲ್ಲ ಪುಸ್ತಕವೂ ಮಗುವಿನ ಕೈಗೆಟುಕುತ್ತದೆ, ಯಾವುದೂ ಕಾಲಿಗೆ ತಾಗುವುದಿಲ್ಲ. ಶಹಾಬಾದ್ ಫರಸಿಯ ನೆಲವಿರುವ ಇಲ್ಲಿನ ಮನೆಗಳಿಗೆ ಪೀಠ ಬೇರೆ ಕಾರಣಕ್ಕೂ ಬೇಕು: ನೆಲ ತೊಳೆಯುವ ನೀರು ತಳಕ್ಕೆ ನಿಂತರೆ ಯಾವ ಕೆಚ್ಚೂ ತಾಳುವುದಿಲ್ಲ. ಓದಲು ಬಾರದ ಕೂಸಿಗಾದರೆ ಒಂದು ಸಾಲಿನಲ್ಲಿ ಪುಸ್ತಕದ ಬೆನ್ನಿನ ಬದಲು ಮುಖ ಕಾಣುವಂತೆ ಇಳಿಜಾರು ಹಲಗೆ ಇಡುವುದು ಒಳ್ಳೆಯದು, ಅದು ಚಿತ್ರ ನೋಡಿ ಪುಸ್ತಕ ಆರಿಸುತ್ತದೆ.

ಹಲಗೆಯ ಉದ್ದ ಮತ್ತು ದಪ್ಪದ ವಿಷಯದಲ್ಲಿ ಪ್ರಕೃತಿಯ ನಿಯಮ ಖಂಡಿತವಾದದ್ದು. ಸಾಲು ತುಂಬ ಪುಸ್ತಕವಿಟ್ಟ ಹಲಗೆಯ ಉದ್ದ ಎರಡು ಪಟ್ಟಾದರೆ ನಡುವಿನ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಕ್ಕಾಲು ಇಂಚಿನ ಹಲಗೆಗೆ ಎರಡೂವರೆ ಅಡಿಯೊಳಗೆ ಆಸರೆ ಕೊಡುವುದು ಇದರಿಂದಲೇ. ಕಟ್ಟಿಗೆ ಉಳಿಸಲು ಅರ್ಧ ಇಂಚಿಗೆ ಇಳಿದವನು ಉಳಿಸಿದ್ದು ಮೂರನೆಯ ಒಂದು ಪಾಲು, ಕಳೆದದ್ದು ಗಟ್ಟಿತನದ ಮುಕ್ಕಾಲು ಪಾಲಿಗೂ ಹತ್ತಿರ.

ಹಾಗಾದರೆ ಕಾಣದ ಭಾಗಕ್ಕೂ ಕಾಣುವ ಭಾಗದಷ್ಟೇ ದುಡಿಯಬೇಕೆ? ನೀತಿಬೋಧಕರು ಸಾಮಾನ್ಯವಾಗಿ ಹೌದೆನ್ನುತ್ತಾರೆ: ಗೋಡೆಗೆ ಆನಿಸುವ ಹಿಂಬದಿಯನ್ನೂ ಕನ್ನಡಿಯಂತೆ ಉಜ್ಜು, ದೇವರು ನೋಡುತ್ತಾನೆ. ಶರಣರ ಮಾತಿನಿಂದ ಈ ಉಪದೇಶ ಹೊರಡುವುದಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಅಲ್ಲಿಗೇ ಮರಳಿಸಲು ಕಳಿಸಿದಳು. ದಾಸೋಹಕ್ಕೇ ಆದರೂ ಬೇಕಾದುದಕ್ಕಿಂತ ಹೆಚ್ಚು ತಂದರೆ ಅದು ಆಸೆ ಎಂಬುದು ಅವಳ ನಿಲುವು. ಇದನ್ನು ಕಪಾಟಿಗೆ ತಂದರೆ, ಯಾರೂ ನೋಡದ ಹಿಂಬದಿಗೆ ನಾಲ್ಕು ಕೈ ಪಾಲಿಶ್ ಹೊಡೆಯುವುದು ಬಡಿಗ ತನ್ನ ಕೈಚಳಕಕ್ಕೆ ತಾನೇ ಎತ್ತಿಕೊಂಡ ಆರತಿ. ಅದರ ಖರ್ಚು ಕೊಡುವವರು ಮಗುವಿನ ಮನೆಯವರು. ಆದರೆ ಹಿಂಬದಿಗೆ ಒಂದು ಕೈಯಾದರೂ ಹಚ್ಚಲೇಬೇಕು. ಒಂದು ಮೈಗೆ ಮಾತ್ರ ಲೇಪ ಹಚ್ಚಿದರೆ ಎರಡು ಮೈ ಬೇರೆ ಬೇರೆ ವೇಗದಲ್ಲಿ ಪಸೆ ಹೀರಿ ಹಲಗೆ ಡೊಂಕಾಗುತ್ತದೆ. ಕಾಣದ ಕಡೆ ಹೊಳಪು ಬೇಡ, ಗಟ್ಟಿತನ ಬೇಕು. ಅಲ್ಲಿ ದುಡಿಮೆಯ ಅಳತೆಗೋಲು ದೇವರ ಕಣ್ಣಲ್ಲ, ಕೆಳಗೆ ಕೂರುವ ಮಗುವಿನ ಮೈ. ಕೂಡುಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬದಿಯ ಹಲಗೆಯಲ್ಲಿ ಕಾಲಿಂಚು ಆಳದ ತೋಡು ಕೊರೆದು ಅಡ್ಡಹಲಗೆಯನ್ನು ಅದರಲ್ಲಿ ಕೂರಿಸಿದರೆ ಪುಸ್ತಕದ ಭಾರ ಕಟ್ಟಿಗೆಯ ಮೇಲೆಯೇ ನಿಲ್ಲುತ್ತದೆ. ತೋಡಿಲ್ಲದೆ ಮೊಳೆ ಹೊಡೆದರೆ ಎಲ್ಲ ಭಾರವೂ ನಾಲ್ಕು ಮೊಳೆಗಳದು. ಮುಂದಿನಿಂದ ನೋಡಿದರೆ ಎರಡೂ ಒಂದೇ.

ಕೊನೆಯ ಹಂತ ಉಜ್ಜುವುದು, ಲೇಪಿಸುವುದು. ಒರಟು ಪಾಲಿಶ್ ಕಾಗದದಿಂದ ನಯದ್ದಕ್ಕೆ ಹಂತಹಂತವಾಗಿ, ಎಳೆಯ ದಿಕ್ಕಿನಲ್ಲಿ ಉಜ್ಜಬೇಕು. ಅಂಚು ಮೂಲೆಗಳನ್ನು ಗುಂಡಾಗಿಸಬೇಕು, ಓಡಿಬಂದ ಮಗುವಿನ ಹಣೆ ಅದೇ ಎತ್ತರದಲ್ಲಿರುತ್ತದೆ. ಲೇಪದ ಆಯ್ಕೆಯಲ್ಲಿ ಕಾನೂನಿಗೂ ಕಾಯಕಕ್ಕೂ ಇರುವ ಅಂತರ ಕಾಣುತ್ತದೆ. ಬಣ್ಣದಲ್ಲಿನ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಭಾರತದಲ್ಲಿ 2016ರ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿ 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅಂಗಡಿಯ ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಯನ್ನು, ಗುರುತಿಲ್ಲದ ಅಗ್ಗದ ಬಣ್ಣವನ್ನು ಯಾವ ಅಧಿಕಾರಿಯೂ ಬಂದು ಪರೀಕ್ಷಿಸುವುದಿಲ್ಲ. ಅದನ್ನು ಬಳಸದೆ ಬಿಡುವುದು ಬಡಿಗನ ಕೈಯಲ್ಲೇ ಇದೆ.

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶ್ ಹಳೆಯದು, ಒಣಗಿದ ಮೇಲೆ ಮಕ್ಕಳಿಗೆ ನಿರಪಾಯ. ಮಾತ್ರೆ ಮಿಠಾಯಿಗಳ ಮೇಲಿನ ಹೊಳಪಿಗೂ ಶುದ್ಧೀಕರಿಸಿದ ಅರಗನ್ನೇ ಬಳಸುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಮೈಬಣ್ಣ ಬರುವುದೂ ಅರಗಿನಿಂದ. ನೀರು ಚೆಲ್ಲಿದರೆ ಬಿಳಿ ಕಲೆ ಬೀಳುವುದು ಅದರ ದೋಷ. ಕಲಬುರಗಿಯ ಎರೆಹೊಲದ ಬೆಳೆಯಾದ ಅಗಸೆಯ ಎಣ್ಣೆ ಇನ್ನೊಂದು ದಾರಿ. ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಕಾಳಿನ ಎಣ್ಣೆಯೇ ಕಟ್ಟಿಗೆಯೊಳಗೆ ಇಳಿದು ಗಟ್ಟಿಯಾಗುತ್ತದೆ. ಕಚ್ಚಾ ಎಣ್ಣೆ ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿ ಮಾರುವ ಎಣ್ಣೆಯನ್ನು ಮಗುವಿನ ಕೋಣೆಗೆ ತರುವ ಮುನ್ನ ಡಬ್ಬಿಯ ಮೇಲಿನ ಬರಹ ಓದಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಳಗೆ ಕಾವು ಕಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಇಲ್ಲಿನ ಮೇ ತಿಂಗಳಲ್ಲಿ ಇದು ಬರೀ ಹೆದರಿಕೆಯ ಮಾತಲ್ಲ. ಪಿಯು (ಪಾಲಿಯುರೆಥೇನ್) ಲೇಪ ಗಟ್ಟಿ, ಆದರೆ ವಾಸನೆ ಪೂರಾ ಹೋಗುವವರೆಗೆ ಕೋಣೆಗೆ ಒಯ್ಯಬಾರದು. ಒಪ್ಪಿಸುವ ಗಡುವು ಹತ್ತಿರವಾದಾಗ ಎಲ್ಲರೂ ಬಿಡುವುದು ಈ ಕಾಯುವ ದಿನಗಳನ್ನೇ.

ಪಾಲಿಶ್ ಮುಚ್ಚಿಡುವ ಕೆಲಸವೆಂದು ಅದನ್ನೇ ಅನುಮಾನಿಸುವುದು ಸರಿಯಲ್ಲ. ಮೊಳೆಯ ಗುಳಿಗೆ ಕಟ್ಟಿಗೆಪುಡಿ ಅಂಟು ಕಲಸಿ ತುಂಬುವುದು ತೇಪೆ. ಗಂಟು ಬಿದ್ದು ಸಡಿಲಾದ ಹಲಗೆಗೆ ಅದನ್ನೇ ತುಂಬುವುದು ಸುಳ್ಳು. ಒಂದೇ ಪುಡಿ, ಒಂದೇ ಅಂಟು. ವ್ಯತ್ಯಾಸ ಅದರ ಕೆಳಗೆ ಬಲವಿದೆಯೇ ಎಂಬುದರಲ್ಲಿದೆ.

ಕಪಾಟು ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಗೋಡೆಗೆ ಬಿಗಿಯುವುದು. ಮಕ್ಕಳು ಕಪಾಟಿನ ಸಾಲುಗಳನ್ನು ಮೆಟ್ಟಿಲೆಂದೇ ತಿಳಿಯುತ್ತಾರೆ. ಬಿಗಿಯದ ಕಪಾಟು ಮುಂದಕ್ಕೆ ಮಗುಚಿ ಬೀಳುತ್ತದೆ. ಮೇಲಿನ ಹಲಗೆಯಿಂದ ಎಲ್ ಆಕಾರದ ಎರಡು ಕಬ್ಬಿಣದ ಪಟ್ಟಿ, ಗೋಡೆಯಲ್ಲಿ ರಾವಲ್ ಪ್ಲಗ್, ಅರ್ಧ ಗಂಟೆಯ ಕೆಲಸ. ಕಪಾಟನ್ನು ಟೆಂಪೋದಿಂದ ಇಳಿಸಿ ದುಡ್ಡು ಎಣಿಸಿಕೊಂಡ ಮೇಲೆ ಬರುವ ಕೆಲಸವಾದ್ದರಿಂದ ಅದು ಒಪ್ಪಂದದ ಹೊರಗೆ ಉಳಿಯುತ್ತದೆ. ಕೂಲಿ ಮುಗಿದರೂ ಕಾಯಕ ಮುಗಿಯದಿರುವ ಅರ್ಧ ಗಂಟೆ ಅದು.

ಇಷ್ಟೆಲ್ಲ ಮಾಡಿದ್ದಕ್ಕೆ ಶರಣರ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು. ನಿಂತಿರುವುದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂದು ನಂಬಿದವರು ಒಂದು ಸ್ಥಾವರಕ್ಕೆ ಇಷ್ಟು ಜತನ ಮಾಡುವುದೇಕೆ? ಬಸವಣ್ಣನ ಆಕ್ಷೇಪ ಇದ್ದದ್ದು ಉಳ್ಳವರು ಕಲ್ಲಿನಲ್ಲಿ ತಮ್ಮ ಹೆಸರು ನಿಲ್ಲಿಸುವ ಬಗ್ಗೆ. ಕಟ್ಟುವ ಕೈಗಳ ಬಗ್ಗೆ ಅಲ್ಲ. ಕಪಾಟಿನ ಮಟ್ಟಿಗೆ ಚಲಿಸುವುದು ಪುಸ್ತಕ ಮತ್ತು ಮಗು. ಬೀಗ ಹಾಕಿದ ಗಾಜಿನ ಬಾಗಿಲು ಬಂದೊಡನೆ ಕಪಾಟು ಮತ್ತೆ ಜಗಲಿಯಾಗುತ್ತದೆ, ಅದಕ್ಕೇ ಮಗುವಿನ ಕಪಾಟಿಗೆ ಬಾಗಿಲು ಬೇಡ. ಧೂಳು ಕೂರುತ್ತದೆ ಎಂಬ ತಕರಾರು ಬಯಲುಸೀಮೆಯಲ್ಲಿ ನಿಜವೇ. ವಾರಕ್ಕೊಮ್ಮೆ ಒರೆಸುವುದನ್ನು ಮಗುವಿಗೇ ಬಿಟ್ಟರೆ ಅದಕ್ಕೂ ಒಂದು ಚಿಕ್ಕ ಕಾಯಕ ಸಿಕ್ಕಂತಾಗುತ್ತದೆ.

ದಾಸೋಹದ ಷರತ್ತು ಇದಕ್ಕಿಂತ ಬಿಗಿ. ಮಗುವಿಗೆ ಪ್ರತ್ಯೇಕ ಕೋಣೆ ಇರುವ ಮನೆ ಕಲಬುರಗಿ ನಗರದಲ್ಲೇ ಎಲ್ಲರದಲ್ಲ, ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಂತೂ ಇನ್ನೂ ಕಡಿಮೆ. ಒಂದು ಮಗುವಿನ ಕೋಣೆಯೊಳಗೆ ನಿಂತುಹೋಗುವ ವಸ್ತು ದಾಸೋಹವಾಗುವುದು ಹೇಗೆ? ಶರಣಬಸವೇಶ್ವರರ ಪೀಠವೇ ಅನ್ನದಾಸೋಹದ ಜೊತೆಗೆ ಇಪ್ಪತ್ತನೆಯ ಶತಮಾನದಲ್ಲಿ ಶಾಲೆ ಕಾಲೇಜುಗಳತ್ತ ಹೊರಳಿ, ಓದನ್ನೂ ಬಡಿಸುವ ಪದಾರ್ಥಗಳ ಸಾಲಿಗೆ ಸೇರಿಸಿತು. ಮನೆಯ ಮಟ್ಟದಲ್ಲಿ ಇದಕ್ಕೆ ಉತ್ತರ ಕಪಾಟಿನ ರಚನೆಯಲ್ಲಿಯೇ ಇರಬೇಕಾಗುತ್ತದೆ. ಎಂಟು ಹತ್ತು ವರ್ಷಕ್ಕೆ ಮಗು ಮೂರು ಅಡಿಯ ಕಪಾಟನ್ನು ಮೀರಿ ಬೆಳೆಯುತ್ತದೆ, ಸರಿಯಾಗಿ ಮಾಡಿದ ಕಟ್ಟಿಗೆಗೆ ಆಗ ಅರ್ಧ ಆಯಸ್ಸೂ ಕಳೆದಿರುವುದಿಲ್ಲ. ಎಲ್ಲವನ್ನೂ ಅಂಟಿನಿಂದ ಬೆಸೆದಿದ್ದರೆ ಅದನ್ನು ಕಿರಿದಾದ ಬಾಗಿಲಿನಿಂದ ಹೊರತರುವುದೂ ಕಷ್ಟ. ಅಡ್ಡಹಲಗೆಗಳು ತೋಡಿನಲ್ಲಿ ಅಂಟಿಲ್ಲದೆಯೇ ಕೂತು, ಬದಿಗಳನ್ನು ಸ್ಕ್ರೂ ಮಾತ್ರ ಹಿಡಿದಿದ್ದರೆ ಒಂದು ತಾಸಿನಲ್ಲಿ ಬಿಚ್ಚಿ ಬೇರೆ ಕಡೆ ಕೂಡಿಸಬಹುದು. ಹೋಗಬೇಕಾದ ಜಾಗಗಳೂ ಇವೆ. ಅಂಗನವಾಡಿಗಳಿವೆ, ಈಗ ಅರಿವು ಕೇಂದ್ರ ಎಂಬ ಹೆಸರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಲ್ಲಿನ ಕಬ್ಬಿಣದ ರ್‍ಯಾಕುಗಳು ಸಾಮಾನ್ಯವಾಗಿ ದೊಡ್ಡವರ ಎತ್ತರದವು, ಮೂರು ಅಡಿಯ ಕಪಾಟಿಗೆ ಮೂಲೆ ಸಿಗದೆ ಇರದು. ಹೀಗೆ ಕೊಡುವಾಗ ಸ್ಕ್ರೂಗಳನ್ನು ಒಂದು ಚೀಲದಲ್ಲಿ ಕಟ್ಟಿ, ಹಲಗೆಗಳ ಹಿಂಬದಿಗೆ ಕ್ರಮಸಂಖ್ಯೆ ಬರೆದು, ಗೋಡೆಗೆ ಬಿಗಿಯುವ ಎರಡು ಪಟ್ಟಿಗಳನ್ನೂ ಜೊತೆಗೆ ಕಳಿಸಬೇಕು.